ಇಶಾಪುರದ .315 ರೈಫಲ್: ಮೈಕಟ್ಟು ಸೇನೆಯದ್ದು, ಬೋರು ನಾಗರಿಕರದ್ದು

ಪರವಾನಗಿ ಇದ್ದವರಿಗೆ ನಮ್ಮ ದೇಶದಲ್ಲಿ ಸಿಗುವ ಬಂದೂಕುಗಳಲ್ಲಿ ಸೇನೆಯ ಕೋವಿಗೆ ತೀರಾ ಹತ್ತಿರದ್ದು ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಬೋಲ್ಟು (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಅಗುಳಿ) ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ಕೋವಿಯ ವಂಶದ್ದು. ಅದೇ ಕಾರ್ಖಾನೆ 1960ರ ದಶಕದಲ್ಲಿ ಸೇನೆಗೆಂದು ಮಾಡಿದ 7.62 ಮಿ.ಮೀ. 2ಎ ರೈಫಲಿನ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರೆಂದು ಯಾರಾದರೂ ಗುರುತಿಸಿಯಾರು. ಆದರೆ ತಮ್ಮನನ್ನು ಅಂಗಡಿಯಿಂದ ತರಬಹುದು. ಅಣ್ಣ ಮನೆಯಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು.

ಸೇನಾ ಮಾದರಿಯ ಬಂದೂಕುಗಳ ಮೇಲೆ ಅಮೆರಿಕದಲ್ಲಿ 1994ರಿಂದ 2004ರವರೆಗೆ ಇದ್ದ ನಿಷೇಧ ಪಿಸ್ತೂಲಿನಂಥ ಹಿಡಿಕೆ, ಮಡಚುವ ಹಿಂಬದಿ ಮುಂತಾದ ಲಕ್ಷಣಗಳನ್ನು ಎಣಿಸುತ್ತಿತ್ತು. ನಮ್ಮ ಕಾನೂನು ಅಂದಚೆಂದ ನೋಡುವುದಿಲ್ಲ. ಬೋರು (ನಳಿಕೆಯ ಒಳ ಅಳತೆ) ಯಾವುದು, ಟ್ರಿಗರ್ ಎಳೆದ ಮೇಲೆ ಮುಂದಿನ ಗುಂಡು ತಾನಾಗಿ ಒಳಗೆ ಬರುತ್ತದೆಯೇ, ಇಷ್ಟನ್ನೇ ಕೇಳುತ್ತದೆ. .303, 7.62 ನಿಷಿದ್ಧ, ಅರೆ-ಸ್ವಯಂಚಾಲಿತ ರೈಫಲೂ ನಿಷಿದ್ಧ. ಇದೇ ಸರಿಯಾದ ಗೆರೆ ಎಂಬುದು ನಮ್ಮ ಅಭಿಪ್ರಾಯ. ತಮಾಷೆಯೆಂದರೆ, ಸೇನೆಯ .303 ತೋಟಾ ಜನರ ಕೈಗೆ ಹೋಗಬಾರದೆಂದು ಬ್ರಿಟಿಷರ ಕಾಲದಲ್ಲಿ ಚಲಾವಣೆಗೆ ಬಂದ ಈ .315, ಆಸ್ಟ್ರಿಯಾ-ಹಂಗೇರಿ ಸೇನೆಯ 8 ಮಿ.ಮೀ. ಮ್ಯಾನ್‌ಲಿಖರ್ ತೋಟಾ!

ಇನ್ನು ಕೋವಿಯ ವಿಚಾರ. ಗಟ್ಟಿಮುಟ್ಟು, ಒರಟು. ಬೋಲ್ಟನ್ನು ಮುಂದೆ ತಳ್ಳುವಾಗ ಸ್ಪ್ರಿಂಗು ಬಿಗಿಯಾಗುವುದರಿಂದ ಕೊನೆಯಲ್ಲಿ ಕೈಗೆ ಬಿಗಿ ಹತ್ತುತ್ತದೆ, ಅದು ದೋಷವಲ್ಲ. ನಿಜವಾದ ತೊಂದರೆ ಮ್ಯಾಗಜೀನಿನಲ್ಲಿ. ಈ ತೋಟಾದ ಬುಡಕ್ಕೆ ಅಂಚು ಇದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಬೋಲ್ಟು ಅರ್ಧಕ್ಕೇ ನಿಲ್ಲುತ್ತದೆ. ತುಂಬುವಾಗ ಪ್ರತಿ ತೋಟಾದ ಅಂಚೂ ಕೆಳಗಿನದರ ಅಂಚಿಗಿಂತ ಮುಂದಿರಲಿ. ಸಿಕ್ಕಿಕೊಂಡರೆ ಗುದ್ದಬೇಡಿ, ಮ್ಯಾಗಜೀನ್ ಖಾಲಿ ಮಾಡಿ ಮತ್ತೆ ತುಂಬಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೋಲ್ಟಿನ ಮೇಲಿನ ನಂಬರು, ಕೋವಿಯ ನಂಬರು ಒಂದೇ ಇದೆಯೇ ನೋಡಿ. ಬೋಲ್ಟನ್ನು ಆಯಾ ಕೋವಿಗೇ ಹೊಂದಿಸಿರುತ್ತಾರೆ; ಬೇರೆಯದನ್ನು ತುರುಕಿದರೆ ತೋಟಾದ ಹಿಂದೆ ಸಂದು ಹೆಚ್ಚಾಗಿ ಹಿತ್ತಾಳೆಯ ಕೋಶ ಸೀಳಬಹುದು. ಮಳೆಗಾಲದಲ್ಲಿ ಮಲೆನಾಡಿನ ತೇವಕ್ಕೆ ಮರದ ಭಾಗ ಉಬ್ಬಿ ನಳಿಕೆಯನ್ನು ಒತ್ತುತ್ತದೆ, ಗುರಿ ಪಕ್ಕಕ್ಕೆ ಸರಿಯುತ್ತದೆ. ಎಣ್ಣೆ ಹಚ್ಚಿಟ್ಟ ನಳಿಕೆಯನ್ನು ಹಾರಿಸುವ ಮುಂಚೆ ಒಣಬಟ್ಟೆಯಿಂದ ಒರೆಸಲೇಬೇಕು. ಈಡು ಹಾರದಿದ್ದರೆ ನಳಿಕೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ಆಮೇಲೆ ಬೋಲ್ಟು ತೆಗೆಯಿರಿ. ಸದ್ದು ‘ಪುಸ್’ ಎಂದರೆ ಇನ್ನೂ ಅಪಾಯ: ಗುಂಡು ನಳಿಕೆಯಲ್ಲೇ ಉಳಿದಿರಬಹುದು. ಬೋಲ್ಟು ಹೊರತೆಗೆದು ಬೆಳಕಿಗೆ ಹಿಡಿದು ನೋಡದೆ ಮುಂದಿನದನ್ನು ಹಾಕಬಾರದು.

ಕಾಫಿ ತೋಟಕ್ಕೆ ಇದು ಬೇಕೇ? ಬೇಡ. ರೈಫಲಿನ ಗುಂಡು ಗುರಿ ತಪ್ಪಿದರೆ ಪಕ್ಕದ ತೋಟ ದಾಟಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಕಾಡುಹಂದಿಯನ್ನು ಸದ್ದು ಮಾಡಿ ಓಡಿಸುವುದಕ್ಕೆ ಜೋಡುನಳಿಕೆಯ 12 ಬೋರ್ ಕೋವಿಯೇ ವಾಸಿ, ಸಣ್ಣ ಚರೆ ಅಷ್ಟು ದೂರ ಹೋಗದು. ಅನುಮತಿಯಿಲ್ಲದೆ ಹಂದಿಗೆ ಹೊಡೆದರೆ 1972ರ ವನ್ಯಜೀವಿ ಕಾಯ್ದೆ ಇದ್ದೇ ಇದೆ. ಪರವಾನಗಿ ಎನ್ನುವುದು ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ.

ಕಾಗದಪತ್ರ: ಎ-1 ಅರ್ಜಿ, ಸುರಕ್ಷಿತವಾಗಿ ಇಡುವ ಮುಚ್ಚಳಿಕೆಗೆ ಎಸ್-2, ವೈದ್ಯರ ಪ್ರಮಾಣಪತ್ರಕ್ಕೆ ಎಸ್-3. ಪೊಲೀಸ್ ವರದಿಗೆ ನಿಯಮದಲ್ಲಿ 30 ದಿನ. ಅಷ್ಟರಲ್ಲಿ ಬಂದೀತೆಂದು ನಂಬಿ ಕೂರಬೇಡಿ. ಒಬ್ಬರಿಗೆ ಈಗ ಎರಡೇ ಬಂದೂಕು, ಪರವಾನಗಿ 5 ವರ್ಷಕ್ಕೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ ಬೇರೆ. ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ.

ಚುನಾವಣೆ ಬಂದರೆ ಠಾಣೆಯಲ್ಲೋ ಅಧಿಕೃತ ಅಂಗಡಿಯಲ್ಲೋ ಠೇವಣಿ ಇಡಬೇಕಾಗಬಹುದು. ಕೊಡುವ ಮುಂಚೆ ನಳಿಕೆಗೆ ಒಳಗೂ ಹೊರಗೂ ಎಣ್ಣೆ ಸವರಿ, ಬಟ್ಟೆಯ ಚೀಲ ಬಿಟ್ಟು ಕೊಡಿ. ಬಟ್ಟೆ ತೇವ ಹೀರಿ ತುಕ್ಕು ಹಿಡಿಸುತ್ತದೆ. ರಸೀದಿಯಲ್ಲಿ ಕೋವಿಯ ನಂಬರಿನ ಜೊತೆಗೆ ಬೋಲ್ಟಿನ ನಂಬರನ್ನೂ ಬರೆಸಿಕೊಳ್ಳಿ.