ಸರ್ಕ್ಯುಲರ್ ಪೋಲರೈಸರ್: ಆಕಾಶಕ್ಕಿಂತ ಎಲೆಗೇ ಜಾಸ್ತಿ ಉಪಯೋಗ

ಆಕಾಶ ಕಡು ನೀಲಿ ಬರಲಿ ಅಂತಲೇ ಹೆಚ್ಚಿನವರು ಪೋಲರೈಸರ್ ಫಿಲ್ಟರ್ (ಕ್ಯಾಮೆರಾ ಲೆನ್ಸಿನ ಮುಂದೆ ಹಾಕಿ, ತಿರುಗಿಸಿ ಹೊಳಪು ಕಮ್ಮಿ ಮಾಡುವ ಗಾಜು) ಕೊಳ್ಳುತ್ತಾರೆ. ಬಳ್ಳಾರಿಯಿಂದ ಸಂಡೂರು, ಆನೆಗೊಂದಿ ಕಡೆಯ ಚಾರಣಗಳಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಅನಿಸಿದ್ದು ಬೇರೆ. ಇದರ ನಿಜವಾದ ಕೆಲಸ ಎಲೆಯ ಮೇಲೆ, ಒದ್ದೆ ಕಲ್ಲಿನ ಮೇಲೆ. ನನ್ನ ಬಳಿ ಇರುವುದು 67 ಎಂಎಂ ಅಳತೆಯ, ಕೋಟಿಂಗ್ ಇರುವ, ಮಧ್ಯಮ ಬೆಲೆಯ ಫಿಲ್ಟರ್.

ಮೊದಲು ಸಂಡೂರಿನ ಮಾತು. ಮಳೆ ಬಿದ್ದು ಗುಡ್ಡಗಳು ಹಸಿರಾದಾಗ ನಾರಿಹಳ್ಳದ ಕಡೆ, ಭೀಮಗಂಡಿಯ ಹತ್ತಿರ ಹೋಗಿ ನೋಡಿ. ಮೋಡ ಕವಿದಿದ್ದರೂ ಪ್ರತಿ ಎಲೆಯ ಮೇಲೆ ಒಂದು ಬಿಳಿ ಹೊಳಪು ಇರುತ್ತದೆ. ಅದು ಆಕಾಶದ ಪ್ರತಿಫಲನ. ನಮ್ಮ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಫೋಟೋದಲ್ಲಿ ಮಾತ್ರ ಇಡೀ ಕಾಡು ಮಂಕಾಗಿ ಬರುತ್ತದೆ. ಫಿಲ್ಟರಿನ ರಿಂಗ್ ನಿಧಾನಕ್ಕೆ ತಿರುಗಿಸಿ. ಆ ಹೊಳಪು ಕರಗಿ, ಅಡಿಯಲ್ಲಿದ್ದ ಹಸಿರು ಮೇಲೆ ಬರುವುದನ್ನು ನೋಡಿದಾಗ ಈಗಲೂ ನನಗೆ ಖುಷಿಯಾಗುತ್ತದೆ. ಇದನ್ನು ಆಮೇಲೆ ಎಡಿಟಿಂಗ್‌ನಲ್ಲಿ ಮಾಡೋಣ ಅಂದರೆ ಆಗುವುದಿಲ್ಲ. ಹೊಳಪು ಮುಚ್ಚಿದ ಬಣ್ಣ ಕ್ಯಾಮೆರಾದಲ್ಲಿ ದಾಖಲೇ ಆಗಿರುವುದಿಲ್ಲ, ಅಲ್ವಾ? ಹಳ್ಳದ ನೀರಿಗೂ ಇದೇ ಮಾತು. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದರೆ ಮೇಲಿನ ಪ್ರತಿಫಲನ ಹೆಚ್ಚುಕಮ್ಮಿ ಪೂರ್ತಿ ಹೋಗಿ, ತಳದ ಕಲ್ಲುಗಳು ಕಾಣುತ್ತವೆ. ಆದರೆ ಅದಿರು ಲಾರಿ ಓಡಾಡುವ ರಸ್ತೆ ಬದಿಯ ಗಿಡಗಳ ಮೇಲಿನ ಕೆಂಧೂಳನ್ನು ಯಾವ ಫಿಲ್ಟರೂ ತೆಗೆಯುವುದಿಲ್ಲ. ಅದಕ್ಕೇ ನಾನು ಒಂದೆರಡು ಒಳ್ಳೆ ಮಳೆ ಆಗುವವರೆಗೆ ಕಾಯುತ್ತೇನೆ.

ಆನೆಗೊಂದಿಯಲ್ಲಿ ಲೆಕ್ಕ ಬೇರೆ. ಅಲ್ಲಿನದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಬಿರುಕುಗಳ ಉದ್ದಕ್ಕೂ ಸವೆದು ಸವೆದು ಗುಂಡುಗಳಾಗಿ ನಿಂತಿದೆ. ಎರಡು ಗುಂಡು ಒಂದಕ್ಕೊಂದು ಒರಗಿ, ನಡುವೆ ಬಾಗಿಲಿನಂಥ ಸಂದು ಬಿಟ್ಟಿರುವ ಕಡೆ ಬಿಸಿಲಿಗೆ ಬಂಡೆ ಬೆಳ್ಳಗೆ ಹೊಳೆಯುತ್ತದೆ. ಪೋಲರೈಸರ್ ಹಾಕಿದರೆ ಮಳೆನೀರು ಇಳಿದ ಕಪ್ಪು ಪಟ್ಟೆ, ಕಲ್ಲಿನ ಕೆಂಪು ಛಾಯೆ ಎಲ್ಲಾ ಸ್ಪಷ್ಟವಾಗಿ ಬರುತ್ತವೆ. ಆದರೆ ರಿಂಗನ್ನು ಪೂರ್ತಿ ತಿರುಗಿಸಬೇಡಿ. ಹೊಳಪೆಲ್ಲ ಹೋದರೆ ಬಂಡೆಯ ಉಬ್ಬುತಗ್ಗೂ ಹೋಗಿ ಚಪ್ಪಟೆಯಾಗಿ ಕಾಣುತ್ತದೆ. ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ.

ಇಂಥ ಕಮಾನಿನ ಅಡಿ ನಿಂತು ಆಚೆಯ ಆಕಾಶ ತೆಗೆಯುವವರು ದಿಕ್ಕು ನೋಡಬೇಕು. ಸೂರ್ಯನಿಗೆ 90 ಡಿಗ್ರಿ ಅಡ್ಡಲಾಗಿರುವ ಆಕಾಶದಲ್ಲೇ ಫಿಲ್ಟರಿನ ಪರಿಣಾಮ ಜಾಸ್ತಿ. ಅಂದರೆ ಬೆಳಗ್ಗೆ, ಸಂಜೆ ಉತ್ತರಕ್ಕೋ ದಕ್ಷಿಣಕ್ಕೋ ತೆರೆದ ಸಂದು ಸಿಕ್ಕರೆ ಒಳ್ಳೆಯದು. 16 ಎಂಎಂನಂಥ ವೈಡ್ ಲೆನ್ಸಿನಲ್ಲಿ ಬಯಲಿನ ಆಕಾಶ ತೆಗೆದರೆ ನಡುವೆ ಕಡು ನೀಲಿ ಪಟ್ಟಿ ಬಂದು ಅಸಹ್ಯವಾಗುತ್ತದೆ. ಕಮಾನಿನಲ್ಲಿ ಆಕಾಶದ ತುಣುಕಷ್ಟೇ ಕಾಣುವುದರಿಂದ ಈ ತೊಂದರೆ ಕಮ್ಮಿ. ಒಳಗಿನ ಕತ್ತಲೆ, ಹೊರಗಿನ ಬೆಳಕು ಎರಡನ್ನೂ ಹಿಡಿಯುವ ಕೆಲಸ ಮಾತ್ರ ಇದರದಲ್ಲ. ಅದಕ್ಕೆ ಬೇರೆ ಬೇರೆ ಎಕ್ಸ್‌ಪೋಶರ್‌ನಲ್ಲಿ, ಅಂದರೆ ಬೆಳಕು ಹೆಚ್ಚುಕಮ್ಮಿ ಮಾಡಿ, ತೆಗೆದು ಸೇರಿಸಬೇಕು.

ತಿರುಮಲಕ್ಕೆ ಹೋದಾಗ ಶಿಲಾತೋರಣದಲ್ಲೂ ಬಳಸಿದ್ದೇನೆ. ಸುಮಾರು 8 ಮೀಟರ್ ಅಗಲ, 3 ಮೀಟರ್ ಎತ್ತರದ ನಿಜವಾದ ನೈಸರ್ಗಿಕ ಕಮಾನು ಅದು. ಬೇಲಿ ಇರುವುದರಿಂದ ದೂರದಿಂದಲೇ ಜೂಮ್ ಮಾಡಿ ತೆಗೆಯಬೇಕು. ಹಾಗೆ ತೆಗೆದಾಗ ಆಕಾಶವೂ ಒಂದೇ ಸಮ ಬರುತ್ತದೆ.

ಇದರ ದೊಡ್ಡ ಕೊರತೆ ಅಂದರೆ ಬೆಳಕು ನುಂಗುವುದು. ಒಂದೂವರೆಯಿಂದ ಎರಡು ಸ್ಟಾಪ್ ಹೋಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಮರದ ನೆರಳಲ್ಲಿ 1/60 ಸೆಕೆಂಡ್ ಇದ್ದ ಶಟರ್ ವೇಗ 1/15ಕ್ಕೆ ಇಳಿದರೆ ಕೈಯಲ್ಲಿ ಹಿಡಿದು ತೆಗೆಯುವುದು ಕಷ್ಟ. ಗಾಳಿ ಬೀಸಿದರೆ ಟ್ರೈಪಾಡ್ ಇದ್ದರೂ ಎಲೆ ಅಲುಗಿದ್ದು ಅಲುಗಿದ್ದೇ. ಇನ್ನೊಂದು ಕಿರಿಕಿರಿ, ಕ್ಯಾಮೆರಾ ಅಡ್ಡದಿಂದ ಉದ್ದಕ್ಕೆ ಹಿಡಿದಾಗಲೆಲ್ಲ ರಿಂಗ್ ಮತ್ತೆ ತಿರುಗಿಸಬೇಕು. ಲೆನ್ಸ್ ಹುಡ್ ಹಾಕಿದ್ದರೆ ಬೆರಳೇ ಒಳಗೆ ಹೋಗುವುದಿಲ್ಲ.

ಬಾಳಿಕೆ ಚೆನ್ನಾಗಿದೆ. ಗಾಜಿಗೆ ಗೀರು ಬಿದ್ದಿಲ್ಲ. ಆದರೆ ಸಂಡೂರಿನ ಧೂಳು ರಿಂಗಿನ ಸಂದಿಗೆ ಸೇರಿ ಈಗ ತಿರುಗಿಸುವಾಗ ಕರಕರ ಅನ್ನುತ್ತದೆ. ಬ್ಲೋವರ್‌ನಿಂದ ಊದಿ, ಮೆತ್ತನೆ ಬ್ರಷ್ ಆಡಿಸಿದರೆ ಸ್ವಲ್ಪ ದಿನ ಸರಿ ಇರುತ್ತದೆ. ಲೆನ್ಸಿಗೆ ಬಿಗಿಯಾಗಿ ಅಂಟಿಕೊಂಡರೆ ಜೋರಾಗಿ ಹಿಂಡಬೇಡಿ, ರಿಂಗ್ ಅಂಡಾಕಾರವಾಗಿ ಇನ್ನೂ ಬಿಗಿಯಾಗುತ್ತದೆ. ಸುತ್ತಲೂ ರಬ್ಬರ್ ಬ್ಯಾಂಡ್ ಹಾಕಿ ಹಗುರವಾಗಿ ತಿರುಗಿಸಿದರೆ ಬಿಡುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಇದನ್ನು ಬಿಟ್ಟು ಹೋಗಬೇಡಿ. ಎರಡು ಗಾಜಿನ ನಡುವೆ ಇರುವ ಫಿಲಂಗೆ ಶಾಖ ಒಳ್ಳೆಯದಲ್ಲ.

ಬೇಸಿಗೆಯ ಒಣ ಬಂಡೆಗಳನ್ನಷ್ಟೇ ತೆಗೆಯುವವರು ಮೊದಲು ಒಳ್ಳೆ ಟ್ರೈಪಾಡ್ ಕೊಳ್ಳಿ. ಮಳೆಗಾಲದ ಕಾಡು ಇಷ್ಟಪಡುವವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ನಿಮ್ಮ ಲೆನ್ಸ್‌ಗಳಲ್ಲಿ ಯಾವುದರ ಬಾಯಿ ದೊಡ್ಡದೋ ಆ ಅಳತೆಯದನ್ನೇ ಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿಕೊಳ್ಳಿ. ಅಲ್ಲಿಗೆ ಒಂದೇ ಫಿಲ್ಟರ್ ಸಾಕಾಗುತ್ತದೆ.