ಸ್ಕ್ವೀಜ್ ಬಾಕ್ಸ್: 15 ಸಿಡಿ, ಒಬ್ಬರೇ ಡ್ರಮ್ಮರ್

ಹೋದ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯಿಂದ ಬಂದ ನಮ್ಮ ಭಾವ ಬಟ್ಟೆಗಳ ಮಧ್ಯೆ ಸುತ್ತಿಟ್ಟು ಇದನ್ನ ತಂದುಕೊಟ್ಟರು. ಅಮೆರಿಕದ ಹಾಡುಗಾರ ವಿಯರ್ಡ್ ಅಲ್ ಯಾಂಕೋವಿಕ್ ಅವರ 'ಸ್ಕ್ವೀಜ್ ಬಾಕ್ಸ್', ಸೆಕೆಂಡ್ ಹ್ಯಾಂಡ್. 2017ರಲ್ಲಿ ಬಂದ ಸೆಟ್ ಇದು. 1983ರಿಂದ 2014ರವರೆಗಿನ 14 ಆಲ್ಬಮ್, ಬಿಡಿ ಹಾಡುಗಳದ್ದು ಇನ್ನೊಂದು ಡಿಸ್ಕ್, ಜೊತೆಗೆ 100 ಪುಟದ ಫೋಟೋ ಪುಸ್ತಕ. ಎಲ್ಲ ಸೇರಿ ಅಕಾರ್ಡಿಯನ್ (ಎದೆಗೆ ತೂಗುಹಾಕಿಕೊಂಡು ಹಿಗ್ಗಿಸಿ ಕುಗ್ಗಿಸಿ ನುಡಿಸೋ, ಹಾರ್ಮೋನಿಯಂ ಥರದ ವಾದ್ಯ) ಆಕಾರದ ಡಬ್ಬದೊಳಗೆ. ಆ ಡಬ್ಬದ ವಿನ್ಯಾಸಕ್ಕೇ 2019ರಲ್ಲಿ ಗ್ರ್ಯಾಮಿ ಬಂತು.

ಅಲ್ ಮಾಡೋದು ಅಣಕವಾಡು. ಎಲ್ಲರೂ ನಗೋದಕ್ಕೆ ಕೇಳ್ತಾರೆ. ನಾನು ಡ್ರಮ್ಸ್ ಕೇಳೋದಕ್ಕೆ ತರಿಸಿಕೊಂಡೆ. ಈ ಎಲ್ಲ ಆಲ್ಬಮ್‌ಗಳಲ್ಲೂ ಡ್ರಮ್ಮರ್ ಒಬ್ಬರೇ, ಜಾನ್ 'ಬರ್ಮುಡಾ' ಶ್ವಾರ್ಟ್ಜ್. 31 ವರ್ಷದ ಕೆಲಸ ಒಂದೇ ಡಬ್ಬದಲ್ಲಿ ಸಿಗೋದು ಎಷ್ಟು ಅಪರೂಪ ಅಲ್ವಾ?

ಮೊದಲ ಡಿಸ್ಕ್‌ನಲ್ಲಿ 'ಅನದರ್ ಒನ್ ರೈಡ್ಸ್ ದ ಬಸ್' ಹಾಕಿ. ಕ್ವೀನ್ ಬ್ಯಾಂಡಿನ ಹಾಡಿನ ಅಣಕ. 1980ರ ಸೆಪ್ಟೆಂಬರ್ 14ರಂದು ಡಾಕ್ಟರ್ ಡಿಮೆಂಟೋ ಅವರ ರೇಡಿಯೋ ಕಾರ್ಯಕ್ರಮದಲ್ಲಿ ನೇರವಾಗಿ ಹಾಡಿದ್ದು ಅದು, ಅದೇ ರೆಕಾರ್ಡಿಂಗ್ ಇಲ್ಲಿದೆ. ಅಲ್ ಮತ್ತು ಜಾನ್ ಪರಿಚಯ ಆಗಿದ್ದೇ ಅವತ್ತು, ಸ್ಟುಡಿಯೋ ಬಾಗಿಲ ಹತ್ತಿರ. ನಾನು ಡ್ರಮ್ಮರ್ ಅಂದರಂತೆ ಜಾನ್. ಡ್ರಮ್ಸ್ ಎಲ್ಲಿತ್ತು ಅಲ್ಲಿ? ಅಕಾರ್ಡಿಯನ್ ಇಡೋ ಪೆಟ್ಟಿಗೆಯನ್ನೇ ಬಾರಿಸಿದರು. ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಖಾಲಿ ಪೆಟ್ಟಿಗೆಯ ಒಣ ದಬ ದಬ ಸದ್ದು, ಹಾಡು ಎಷ್ಟೇ ಕೂಗಾಡಿದರೂ ಆ ಕೈ ಲಯ ಬಿಟ್ಟು ಒಂಚೂರೂ ಓಡೋದಿಲ್ಲ. ನಾನು ಇದೊಂದನ್ನೇ ಆರೇಳು ಸಲ ಕೇಳಿದೆ.

ನಾನು ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಎಂಟು ವರ್ಷ ರಿದಂ ಪ್ಯಾಡ್ ನುಡಿಸಿದವನು. ಕ್ಯಾಸೆಟ್‌ನಲ್ಲಿ ಹೇಗಿದೆಯೋ ಹಾಗೇ ಬರಬೇಕು, ಒಂದು ರೋಲ್ ಆಚೀಚೆ ಆದರೂ ಮುಂದೆ ಕೂತವರ ಮುಖದಲ್ಲೇ ಗೊತ್ತಾಗುತ್ತೆ. ಅಣಕವಾಡಿನಲ್ಲೂ ಅಷ್ಟೇ. ಸಂಗೀತ ಅಸಲಿ ಹಾಡಿನಂತೆ ಇದ್ದರೆ ತಾನೇ ಬದಲಾದ ಮಾತು ಕೇಳಿ ನಗು ಬರೋದು? ಹಾಗಾಗಿ ಜಾನ್ 1992ರಲ್ಲಿ 'ನಿರ್ವಾಣ' ಬ್ಯಾಂಡಿನ ಡ್ರಮ್ಮರ್ ಡೇವ್ ಗ್ರೋಲ್ ಥರ ಬಾರಿಸಬೇಕು, 1996ರಲ್ಲಿ ರ್‍ಯಾಪರ್ ಕೂಲಿಯೋ ಹಾಡಿನ ಬೀಟ್ ಹಿಡಿಯಬೇಕು. 1983 ಮತ್ತು 1988ರ ಆಲ್ಬಮ್ ಬಿಟ್ಟು ಉಳಿದ ಎಲ್ಲದರಲ್ಲೂ ಒಂದೊಂದು ಪೋಲ್ಕಾ, ಅಂದರೆ ಯೂರೋಪಿನ ಕುಣಿತದ ಧಾಟಿಯ ಹಾಡು, ಇದೆ. ಹೆಚ್ಚಿನವು ಆ ಕಾಲದ ಹಿಟ್ ಹಾಡುಗಳನ್ನ ಸಾಲಾಗಿ ಪೋಣಿಸಿದವು. ಧುಂ ಟಕ ಧುಂ ಟಕ ಅಂತ ಓಡುವ ಲಯ, ಕೆಲವು ಸೆಕೆಂಡಿಗೊಮ್ಮೆ ಹಾಡೇ ಬದಲು. ಕೇಳೋಕೆ ಸುಲಭ. ನುಡಿಸಿ ನೋಡಿ, ಬೆವರು ಬರುತ್ತೆ.

1999ರ ಆಲ್ಬಮ್ ಕೊನೆಯಲ್ಲಿ 'ಆಲ್ಬುಕರ್ಕಿ' ಅಂತ 11 ನಿಮಿಷ ದಾಟುವ ಹಾಡಿದೆ. ಅಲ್ ಕಥೆ ಹೇಳ್ತಾ ಎಲ್ಲೆಲ್ಲಿಗೋ ಹೋಗ್ತಾರೆ, ಹಿಂದೆ ಡ್ರಮ್ಸ್ ಸುಮ್ನೆ ಕಾದುಕೊಂಡು ಬರುತ್ತೆ, ಬೇಕಾದ ಕಡೆ ಮಾತ್ರ ಸಿಡಿಯುತ್ತೆ. ಹಾಗೆ ಕಾಯೋದನ್ನ ಕಲಿಯೋಕೆ ನನಗೆ ವರ್ಷಗಳೇ ಬೇಕಾಯ್ತು.

ಕೊನೆಯ ಆಲ್ಬಮ್ 2014ರದ್ದು, ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ನೇರ ಒಂದನೇ ಸ್ಥಾನಕ್ಕೆ ಬಂದಿದ್ದು. ಪೆಟ್ಟಿಗೆ ಬಾರಿಸಿದ ಆ ರಾತ್ರಿಯಿಂದ 34 ವರ್ಷ. ಗಿಟಾರಿನ ಜಿಮ್ ವೆಸ್ಟ್, ಬೇಸ್ ಗಿಟಾರಿನ ಸ್ಟೀವ್ ಜೇ ಕೂಡ ಮೊದಲ ಆಲ್ಬಮ್‌ನಿಂದ ಜೊತೆಯಲ್ಲೇ ಇದ್ದರು. ಇಷ್ಟು ಕಾಲ ಒಟ್ಟಿಗೆ ಉಳಿದ ಬ್ಯಾಂಡ್ ಕಂಡರೆ ನನಗೆ ನಿಜಕ್ಕೂ ಗೌರವ.

ಕೊರತೆ? ಡಬ್ಬ ಜಾಸ್ತಿ ಜಾಗ ತಿನ್ನುತ್ತೆ, ನಮ್ಮ ಮನೆ ಷೋಕೇಸಿನಲ್ಲಿ ಹಿಡಿಸಲಿಲ್ಲ, ಬೀರು ಮೇಲೆ ಇಟ್ಟಿದ್ದೀನಿ. ಬಿಡಿ ಹಾಡುಗಳ ಡಿಸ್ಕ್ ಅಭಿಮಾನಿಗಳಿಗೆ ಮಾತ್ರ. ಬೆಲೆಯೂ ಕಡಿಮೆ ಅಲ್ಲ.

ಹಳೇದು ತಗೊಳ್ಳುವವರು ದುಡ್ಡು ಕೊಡೋ ಮೊದಲು 15 ಡಿಸ್ಕ್ ಎಣಿಸಿ, ಪುಸ್ತಕ ಇದೆಯಾ ನೋಡಿ. ಮೊದಲ ಡಿಸ್ಕ್ ಮೇಲೆ ಗೀರು ಇದ್ದರೆ ಮಾತ್ರ ಬೇಡವೇ ಬೇಡ.