ಮೋಶಿಯ ಗೋಠಾ: ಮೊದಲು ಕರು, ಆಮೇಲೆ ಗಿರಾಕಿ

ಪುಣೆ ಹತ್ತಿರದ ಭೋಸರಿಯಿಂದ ನಾಸಿಕ್ ರಸ್ತೆಯಲ್ಲಿ ಮೋಶಿಗೆ ಬಂದು ಒಳಗೆ ತಿರುಗಿದರೆ ಒಂದು ಗೋಠಾ, ಅಂದರೆ ದನದ ಕೊಟ್ಟಿಗೆ, ಇದೆ. ಬೋರ್ಡು ಇಲ್ಲ. ನಡೆಸುವವರು ಜತ್ತ ಕಡೆಯ ಕನ್ನಡದ ಕಾಕಾ. ನಮ್ಮ ಮನೆಗೆ ಹಾಲು ಅಲ್ಲಿಂದಲೇ ಬರುತ್ತದೆ. ಪಿಂಪ್ರಿ-ಚಿಂಚವಾಡದಲ್ಲಿರುವ ನಮ್ಮ ಮಂದಿ ಹೋಗಿ ನೋಡಲೇಬೇಕಾದ ಜಾಗ ಇದು.

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿಯ ಆಕಳ ಹಾಲು ಲೀಟರಿಗೆ 60 ರೂಪಾಯಿ, ಎಮ್ಮೆಯದು 80, ಗಿರ್ ಆಕಳದು 110. ಒಂದಕ್ಕೊಂದು ಬೆರೆಸುವುದಿಲ್ಲ. ಯಾವುದರ ಹಾಲು ಅಂತ ಕೇಳಿದರೆ ಕಾಕಾ ಆ ದನದ ಮುಂದೆಯೇ ಕರೆದುಕೊಂಡು ಹೋಗುತ್ತಾರೆ. ಉಬ್ಬಿದ ಹಣೆ, ಜೋತುಬಿದ್ದ ಉದ್ದ ಕಿವಿ, ಕೆಂಪು ಮೈ ಇದ್ದರೆ ಅದು ಸೌರಾಷ್ಟ್ರದ ಗಿರ್. ಎಮ್ಮೆಗಳಲ್ಲಿ ಸುರುಳಿ ಕೋಡಿನದು ಹರಿಯಾಣದ ಮುರ್ರಾ, ಹೆಗಲು ದಾಟುವ ಉದ್ದ ಕೋಡಿನದು ಪಂಢರಪುರಿ. ಒಂದು ಖಿಲಾರಿ ಆಕಳೂ ಇದೆ. ಖಿಲಾರಿ ಹೊಲದ ದುಡಿಮೆಯ ತಳಿ, ಹಾಲು ಕಡಿಮೆ. ಅದನ್ನು ಯಾಕೆ ಕಟ್ಟಿದ್ದೀರಿ ಎಂದಾಗ, "ನಮ್ಮೂರ ಆಕಳ, ತಂಗಿ, ಕಣ್ಮುಂದ ಇರ್ಲಿ" ಎಂದರು.

ಗಿರ್ ಹಾಲಿಗೆ ಬೆಲೆ ಜಾಸ್ತಿ ಯಾಕೆ? ಅವರಲ್ಲಿ ಗಿರ್ ದಿನಕ್ಕೆ 8 ಲೀಟರ್ ಕೊಟ್ಟರೆ ಎಚ್‌ಎಫ್ 18 ಕೊಡುತ್ತದೆ. ಕಾಕಾ ಕೊಡುವ ಕಾರಣ ಇಷ್ಟೇ. ‘ಎ2’ (ಹಾಲಿನ ಒಂದು ಬಗೆಯ ಪ್ರೋಟೀನು, ದೇಸಿ ಆಕಳ ಹಾಲಿನ ಹೆಗ್ಗಳಿಕೆ ಅಂತ ಹಲವರು ಹೇಳುವುದು) ಅಂತ ಹೇಳಿ ಮಾರುವುದಿಲ್ಲ. "ಎಮ್ಮಿ ಹಾಲೂ ಎ2ನ. ಮೊಸರಿಗೆ ಅದನ್ನ ಒಯ್ಯಿರಿ" ಎಂದು ಅಗ್ಗದ್ದನ್ನೇ ಕೊಟ್ಟರು. ಈ ಮಾತಿಗೇ ನಾನು ಅವರ ಕಾಯಂ ಗಿರಾಕಿ ಆದೆ.

ಆದರೆ ನನಗೆ ನಿಜವಾಗಿ ಹಿಡಿಸಿದ್ದು ಸಾಕುವ ರೀತಿ. ಹಿಂಡುವ ಮೊದಲು ಕರು ಬಿಡುತ್ತಾರೆ. ಕರು ಹುಟ್ಟಿ ಒಂದು ತಾಸಿನೊಳಗೆ ಗಿಣ್ಣದ ಹಾಲು ಅದರ ಹೊಟ್ಟೆ ಸೇರಬೇಕು, ರೋಗ ತಡೆಯುವ ಶಕ್ತಿ ಅದರಿಂದಲೇ ಬರುವುದು. ಹಾಗಾಗಿ ಗಿಣ್ಣ ಬೇಕು ಅಂತ ಎಷ್ಟು ಹಣ ತೋರಿಸಿದರೂ, ಕರು ಕುಡಿದು ಉಳಿದರೆ ಮಾತ್ರ ಸಿಗುತ್ತದೆ. ಹಿಂಡಿದ ಮೇಲೆ ಮೊಲೆತೊಟ್ಟುಗಳನ್ನು ಔಷಧದ ನೀರಿನಲ್ಲಿ ಅದ್ದಿ, ತಕ್ಷಣ ಹಸಿ ಮೇವು ಹಾಕುತ್ತಾರೆ. ಸುಮ್ನೆ ಅಲ್ಲ. ತೊಟ್ಟಿನ ತೂತು ಸುಮಾರು ಅರ್ಧ ತಾಸು ತೆರೆದೇ ಇರುತ್ತದೆ. ಆಗ ಆಕಳು ಸಗಣಿಯಲ್ಲಿ ಮಲಗಿದರೆ ಕೆಚ್ಚಲು ಬಾವು ಬರುತ್ತದೆ. ಮೇವು ಮುಂದಿದ್ದರೆ ನಿಂತೇ ತಿನ್ನುತ್ತದೆ, ಅಲ್ವಾ?

ದನಕ್ಕೆ ಹಾಕುವ ಹಿಂಡಿಯೂ ಕಣ್ಣಂದಾಜಿನದಲ್ಲ. ಮೈ ಉಳಿಸಿಕೊಳ್ಳಲು ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಜೊತೆಗೆ ಹಸಿ ಜೋಳ, ಒಣ ಕಣಿಕೆ, ಖನಿಜ ಪುಡಿ. ಕಾಲುಬಾಯಿ ಬೇನೆಯ ಲಸಿಕೆ ಆರು ತಿಂಗಳಿಗೊಮ್ಮೆ. ಲಸಿಕೆ ಹಾಕಿದ ತಾರೀಖು ಬರೆದ ವಹಿ ಕೇಳಿದರೆ ತೋರಿಸುತ್ತಾರೆ. ಈಯಲು ಎರಡು ತಿಂಗಳಿರುವಾಗ ಹಿಂಡುವುದನ್ನು ನಿಲ್ಲಿಸುತ್ತಾರೆ. ಆಗ ಕಾಯಂ ಗಿರಾಕಿಗೂ ಹಾಲು ಕಡಿಮೆ ಬೀಳುತ್ತದೆ. ನನಗೆ ಅದರ ಬೇಜಾರಿಲ್ಲ, ಅಷ್ಟು ವಿಶ್ರಾಂತಿ ಸಿಗದ ಆಕಳು ಮುಂದಿನ ಸೂಲಿನಲ್ಲಿ ಸೊರಗುತ್ತದೆ.

ಸರಿಯಿಲ್ಲದ್ದೂ ಇದೆ. ತಿಪ್ಪೆ ಗೋಠಾಕ್ಕೆ ತೀರಾ ಹತ್ತಿರ, ಮಳೆಗಾಲದಲ್ಲಿ ನೊಣ ವಿಪರೀತ. ದನಗಳು ಇಡೀ ದಿನ ಬಾಲ ಬೀಸುತ್ತಾ ನಿಲ್ಲುವುದು ನೋಡಿದರೆ ಸಂಕಟ ಆಗುತ್ತದೆ. ಕಾಕಾಗೆ ಹೇಳಿದ್ದೇನೆ, ಇನ್ನೂ ಸರಿದಿಲ್ಲ. ನೆಲದ ಕಲ್ಲು ಜಾರುತ್ತದೆ, ರಬ್ಬರ್ ಹಾಸು ಎಮ್ಮೆಗಳ ಕೆಳಗೆ ಮಾತ್ರ ಇದೆ. ಗಬ್ಬದ ಆಕಳುಗಳಿಗಂತೂ ಅದು ಬೇಕೇ ಬೇಕು.

ಮನೆಗೆ ತಂದು ಕೊಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೋದರೆ ಮೂರೂ ಬಗೆ ಸಿಗುತ್ತದೆ, ಸಂಜೆ ಬೇಗ ಮುಗಿಯುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಡುವುದಿಲ್ಲ, ಸ್ಟೀಲ್ ಕ್ಯಾನ್ ಒಯ್ಯಿರಿ. ಬೇಸಿಗೆಯಲ್ಲಿ ಎಮ್ಮೆ ಬಿಸಿಲು ತಾಳದೆ ಹಾಲು ಇಳಿಸುತ್ತದೆ, ಆಗ ಹಿಂದಿನ ದಿನವೇ ಹೇಳಿಡಿ.